ಸುವಾ ಮಾರುಕಟ್ಟೆಯ ಮಹಡಿ: ಹಿರಿಯರ ಮುಂದಿಡುವ ಯಂಗೋನ ಕೊಳ್ಳುವವರಿಗೆ

ಫಿಜಿಯ ಹಳ್ಳಿಗೆ ಬರಿಗೈಯಲ್ಲಿ ಹೋಗುವಂತಿಲ್ಲ. ಊರ ಹಿರಿಯರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಯಂಗೋನ ಬೇರಿನ ಕಟ್ಟೊಂದನ್ನು ಚಾಪೆಯ ಮೇಲಿಡಬೇಕು. ಅವರು ಅದನ್ನು ಮುಟ್ಟಿ ಒಪ್ಪಿಕೊಂಡ ಮೇಲೆಯೇ ಊರೊಳಗೆ ಓಡಾಟ, ಕಡಲಿಗೆ ಇಳಿಯುವುದು, ಯಾರದಾದರೂ ಮನೆಯಲ್ಲಿ ರಾತ್ರಿ ತಂಗುವುದು. ಈ ಪದ್ಧತಿಯ ಹೆಸರು ಸೆವುಸೆವು. ಕುಟ್ಟಿ, ನೀರಿನಲ್ಲಿ ಕಿವುಚಿ ಕುಡಿಯುವ ಈ ಯಂಗೋನವನ್ನೇ ಹೊರಗಿನವರು ಕಾವಾ ಎಂದು ಕರೆಯುವುದು. ಆಸ್ಟ್ರೇಲಿಯಾದ ಪೂರ್ವ ತೀರದಲ್ಲಿ, ನ್ಯೂಜಿಲೆಂಡಿನಲ್ಲಿ ನೆಲೆಸಿದ ಕನ್ನಡದವರಿಗೆ ಫಿಜಿ ಮೂರು-ನಾಲ್ಕು ಗಂಟೆಯ ವಿಮಾನದ ದಾರಿ. ರೆಸಾರ್ಟಿನಲ್ಲಿ ಬೇಸರವಾಗಿ ಒಂದೆರಡು ದಿನ ಹಳ್ಳಿಯಲ್ಲಿರೋಣ ಎಂದುಕೊಂಡವರಿಗೆ ಮೊದಲು ಎದುರಾಗುವುದು ಈ ಕಟ್ಟಿನ ಪ್ರಶ್ನೆ: ಎಲ್ಲಿ ಕೊಳ್ಳುವುದು, ಎಷ್ಟು, ಯಾವ ಭಾಗ?

ಎಲ್ಲಿ ಎಂಬುದಕ್ಕೆ ಉತ್ತರ ಸುಲಭ: ರಾಜಧಾನಿ ಸುವಾದ ನಗರ ಮಾರುಕಟ್ಟೆ, ಮೇಲಿನ ಮಹಡಿ. ಬಸ್ ನಿಲ್ದಾಣದ ಪಕ್ಕದಲ್ಲೇ ಇದೆ, ಯಾರನ್ನು ಕೇಳಿದರೂ ತೋರಿಸುತ್ತಾರೆ. ಕೆಳಗೆ ಕೆಸುವಿನ ಗಡ್ಡೆ, ಮರಗೆಣಸು, ಬಾಳೆ, ಸೊಪ್ಪು, ಎಲ್ಲವೂ ತಕ್ಕಡಿಗಿಂತ ಗುಡ್ಡೆ ಲೆಕ್ಕದಲ್ಲೇ ಹೆಚ್ಚು ಮಾರಾಟ. ಮೆಟ್ಟಿಲು ಹತ್ತಿದರೆ ಗಾಳಿಯೇ ಬದಲಾಗುತ್ತದೆ. ಒಣಬೇರಿನ ಮಣ್ಣುಘಾಟು ಒಂದು ಕಡೆ, ಜೀರಿಗೆ, ಕೊತ್ತಂಬರಿ, ಅರಿಸಿನದ ಘಮ ಇನ್ನೊಂದು ಕಡೆ. ಮಸಾಲೆ ಮಾರುವವರಲ್ಲಿ ಬಹುಪಾಲು 1879ರಿಂದ 1916ರವರೆಗೆ ಕಬ್ಬಿನ ತೋಟಗಳಿಗೆ ಗಿರ್ಮಿಟಿನ (ಕೂಲಿ ಕರಾರಿನ) ಮೇಲೆ ಬಂದ ಭಾರತೀಯರ ಸಂತತಿಯವರು. ಹಾಗಾಗಿ ಹಿಂದಿ ಬಂದರೆ ವ್ಯವಹಾರ ಸಲೀಸು. ಫಿಜಿಯ ಹಿಂದಿ ನಮ್ಮ ಕಿವಿಗೆ ಕೊಂಚ ಭೋಜಪುರಿಯ ಹಾಗೆ ಕೇಳುತ್ತದೆ, ಅಷ್ಟೆ. ಭಾನುವಾರ ಬಾಗಿಲು ಮುಚ್ಚಿರುತ್ತದೆ. ಶನಿವಾರ ಬೆಳಿಗ್ಗೆ ಕಾಲಿಡಲು ಜಾಗವಿರುವುದಿಲ್ಲ. ಆದರೆ ಸರಕು ಹೆಚ್ಚಿರುವುದೂ, ಆರಿಸಿಕೊಳ್ಳಲು ಅವಕಾಶವಿರುವುದೂ ಆವತ್ತೇ. ನಂದಿ ಮತ್ತು ಲೌಟೋಕಾ ಮಾರುಕಟ್ಟೆಗಳಲ್ಲೂ ಯಂಗೋನ ಸಿಗುತ್ತದೆ. (ನಂದಿ ಎಂದರೆ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿರುವ ಊರು. ನಕ್ಷೆಯಲ್ಲಿ ‘ನಾಡಿ’ ಎಂದು ಓದುವ ಹಾಗೆ ಬರೆದಿರುತ್ತಾರೆ, ಉಚ್ಚಾರ ಮಾತ್ರ ನಮ್ಮ ನಂದಿಬೆಟ್ಟದ್ದೇ.) ವಿಮಾನ ಇಳಿದು ನೇರ ಪಶ್ಚಿಮದ ಹಳ್ಳಿಗಳಿಗೆ ಹೋಗುವವರು ಸುವಾದವರೆಗೆ ಬರಬೇಕಿಲ್ಲ.

ಸಸ್ಯದ ಬಗ್ಗೆ ಎರಡು ಮಾತು ತಿಳಿದಿದ್ದರೆ ಕೊಳ್ಳುವಾಗ ಮೋಸ ಹೋಗುವುದಿಲ್ಲ. ಯಂಗೋನ, ಕರಿಮೆಣಸು, ವೀಳ್ಯದೆಲೆ ಮೂರೂ ಪೈಪರ್ ಎಂಬ ಒಂದೇ ಕುಲದವು. ಮೆಣಸಿನ ಬಳ್ಳಿ ನೋಡಿದ ಮಲೆನಾಡಿನವರು ಯಂಗೋನದ ಗಂಟುಗಂಟಾದ ಕಾಂಡವನ್ನೂ ಹೃದಯಾಕಾರದ ಎಲೆಯನ್ನೂ ಕಂಡರೆ ಸಂಬಂಧವನ್ನು ಥಟ್ಟನೆ ಗುರುತಿಸುತ್ತಾರೆ. ಇದು ಬಳ್ಳಿಯಲ್ಲ, ಪೊದೆ. ಬೀಜವೂ ಇಲ್ಲ. ಕಾಂಡದ ತುಂಡು ನೆಟ್ಟೇ ಬೆಳೆಸಬೇಕು, ಆದ್ದರಿಂದ ಇವತ್ತು ಮಾರುಕಟ್ಟೆಗೆ ಬರುವ ಪ್ರತಿಯೊಂದು ಬುಡವೂ ಯಾರೋ ಕೈಯಾರೆ ಇನ್ನೊಬ್ಬರಿಗೆ ದಾಟಿಸಿದ ಗಿಡದ ತುಂಡೇ. ಕೀಳಲು ಕನಿಷ್ಠ ಮೂರು ವರ್ಷ ಕಾಯಬೇಕು, ಒಳ್ಳೆಯ ಬೆಳೆಗಾರ ನಾಲ್ಕೈದು ವರ್ಷ ಬಿಡುತ್ತಾನೆ. ಹಸಿ ಬೇರಿನಲ್ಲಿ ನೂರಕ್ಕೆ ಎಂಬತ್ತರಷ್ಟು ನೀರು. ಐದು ಕಿಲೋ ಅಗೆದು ತೆಗೆದರೆ ಒಣಗಿದ ಮೇಲೆ ಉಳಿಯುವುದು ಹೆಚ್ಚುಕಡಿಮೆ ಒಂದು ಕಿಲೋ. ಬೆಲೆ ಏಕೆ ಇಷ್ಟು ಎಂದು ಚೌಕಾಸಿಗೆ ಇಳಿಯುವ ಮುನ್ನ ಈ ಲೆಕ್ಕ ನೆನಪಿರಲಿ.

ಅಂಗಡಿಯಲ್ಲಿ ಒಂದೇ ಗಿಡದ ಮೂರು ಸರಕು ಮೂರು ಬೆಲೆಗೆ ಸಿಗುತ್ತವೆ. ಬುಡದಿಂದ ಪಕ್ಕಕ್ಕೆ ಹರಡುವ ಬೆರಳುಗಾತ್ರದ ಉದ್ದ ಬೇರು ವಾಕಾ. ಅಮಲು ಕೊಡುವ ಕಾವಾಲ್ಯಾಕ್ಟೋನ್ ಹೆಚ್ಚಿರುವುದು ಇದರಲ್ಲೇ, ಬೆಲೆಯೂ ಇದಕ್ಕೇ ಹೆಚ್ಚು. ನೆಲದೊಳಗಿನ ದಪ್ಪ ಬುಡದ ಗಡ್ಡೆ ಲೆವೆನಾ. ಇದನ್ನು ಚಕ್ಕೆಗಳಾಗಿ ಸೀಳಿ ಒಣಗಿಸಿರುತ್ತಾರೆ, ಸೌಮ್ಯ, ಅಗ್ಗ. ನೆಲದ ಮೇಲಿನ ಕಾಂಡ ಕಾಸಾ, ಇದಕ್ಕೆ ಮರ್ಯಾದೆ ಕಡಿಮೆ. ಹಿರಿಯರ ಮುಂದಿಡಲು ವಾಕಾ ಮಾತ್ರ. ಕುಡಿದು ನೋಡುವುದಕ್ಕೆ ಮುಂಚೆ ಈ ಕಟ್ಟನ್ನು ಕಣ್ಣಿನಿಂದ ನೋಡುತ್ತಾರೆ, ಕೈಯಿಂದ ತೂಗುತ್ತಾರೆ. ಉದ್ದನೆಯ ಬೇರುಗಳು ಒಂದೇ ದಿಕ್ಕಿಗೆ ಜೋಡಿಸಿ ಬಿಗಿದ ಕಟ್ಟು ಆ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದ ಚಕ್ಕೆಪುಕ್ಕೆ ಸೋಲುತ್ತದೆ.

ಆರಿಸುವ ಬಗೆ ಹೀಗೆ. ಒಂದು ಬೇರನ್ನು ಎಳೆದು ಬಗ್ಗಿಸಿ: ಲಟಕ್ಕನೆ ಮುರಿದರೆ ಒಣಗಿದೆ, ತೊಗಲಿನ ಹಾಗೆ ಬಾಗಿದರೆ ತೇವವಿದೆ. ತೇವವೆಂದರೆ ನೀರಿಗೆ ಬೇರಿನ ಬೆಲೆ ಕೊಟ್ಟ ಹಾಗೆ. ಅಷ್ಟೇ ಅಲ್ಲ, ಸುವಾದಂಥ ಮಳೆಯೂರಿನಲ್ಲಿ ಎರಡು ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ಮುರಿದ ಒಳಭಾಗ ಕೆನೆಬಣ್ಣದಿಂದ ತಿಳಿಹಳದಿಯವರೆಗೆ ಇರಬೇಕು. ಬೂದುಬಣ್ಣದ ಚುಕ್ಕೆ, ಕಪ್ಪು ಗೆರೆ ಕಂಡರೆ ಬೇಡ. ಮೂಗಿಗೆ ಹಿಡಿದರೆ ಮಣ್ಣು ಮತ್ತು ಮೆಣಸಿನ ವಾಸನೆ ಬರಬೇಕೇ ಹೊರತು ಮುಗ್ಗಲು ಬರಬಾರದು. ಕೊನೆಗೆ ಉಗುರಿನಷ್ಟು ತುಂಡನ್ನು ಅಗಿಯಿರಿ (ಕೇಳಿದರೆ ಕೊಡುತ್ತಾರೆ). ಒಂದು ನಿಮಿಷದಲ್ಲಿ ನಾಲಿಗೆಯ ತುದಿ ಜೋಮು ಹಿಡಿಯಬೇಕು. ಹಿಡಿಯದಿದ್ದರೆ ಬೇರು ಎಳೆಯದು, ಇಲ್ಲವೇ ಹಳೆಯದು. ಬೇರಿನ ಕವಲುಗಳಲ್ಲಿ ಮಣ್ಣು ಉಳಿದಿದೆಯೇ ಎಂದು ಒಮ್ಮೆ ಕೊಡವಿ ನೋಡಿ. ತೊಳೆಯುವ ಕಷ್ಟಕ್ಕೆ ಬೇಸತ್ತು ಹಾಗೇ ಒಣಗಿಸಿದ್ದು ತೂಕಕ್ಕೂ ಬರುತ್ತದೆ, ಬಟ್ಟಲಿನ ತಳಕ್ಕೂ ಬರುತ್ತದೆ.

ಮೊದಲೇ ಕಟ್ಟಿಟ್ಟ ಅಂದದ ಕಟ್ಟುಗಳ ಬಗ್ಗೆ ಸ್ವಲ್ಪ ಎಚ್ಚರ ಬೇಕು. ಹೊರಸುತ್ತಿನಲ್ಲಿ ವಾಕಾ, ಹೊಟ್ಟೆಯೊಳಗೆ ಲೆವೆನಾ ತುರುಕುವುದು ಹಳೆಯ ಚಾಳಿ. ಕಟ್ಟಿನ ಅಡ್ಡಕೊಯ್ದ ತುದಿಯನ್ನು ನೋಡಿದರೆ ಗೊತ್ತಾಗುತ್ತದೆ: ಎಲ್ಲ ಬೇರುಗಳೂ ಹೆಚ್ಚುಕಡಿಮೆ ಒಂದೇ ದಪ್ಪದ ದುಂಡು ಬಿಲ್ಲೆಗಳಾಗಿ ಕಾಣಬೇಕು, ನಡುವೆ ಚಪ್ಪಟೆ ಚಕ್ಕೆ ಇಣುಕಬಾರದು. ಇನ್ನೂ ಒಳ್ಳೆಯದೆಂದರೆ ಬಿಡಿ ಬೇರು ಆರಿಸಿ, ಕಣ್ಣೆದುರಿಗೆ ತೂಗಿಸಿ, ಅಲ್ಲೇ ಕಟ್ಟಿಸಿಕೊಳ್ಳುವುದು. ಸೆವುಸೆವುಗೆ ಎಂದು ಹೇಳಿದರೆ ಸಾಕು, ಮಾರುವವರಿಗೆ ಉಳಿದದ್ದು ಗೊತ್ತು. ವೃತ್ತಪತ್ರಿಕೆಯ ಹಾಳೆಯಲ್ಲಿ ಸುತ್ತಿ, ರಿಬ್ಬನ್ನೋ ದಾರವೋ ಬಿಗಿದು, ನೆಟ್ಟಗೆ ಹಿಡಿಯುವ ಹಾಗೆ ಮಾಡಿಕೊಡುತ್ತಾರೆ. ಪತ್ರಿಕೆಯ ಹಾಳೆ ಅಗೌರವವೆಂದು ಭಾವಿಸಿ ಬಣ್ಣದ ಉಡುಗೊರೆ ಕಾಗದ ಹುಡುಕಬೇಡಿ. ಹಾಳೆ ಉಸಿರಾಡುತ್ತದೆ, ಬೇರು ಬೆವರುವುದಿಲ್ಲ. ಈ ಕಟ್ಟಿಕೊಡುವ ಸೇವೆಗೆ, ಅದನ್ನು ಮಾಡುವ ಚುರುಕಿಗೆ ಈ ಮಹಡಿಗೆ ಪೂರ್ತಿ ಅಂಕ.

ಅಳತೆ: ಒಂದು ಕುಟುಂಬ ಅಥವಾ ನಾಲ್ಕೈದು ಜನರ ಗುಂಪಿಗೆ ಅರ್ಧ ಕಿಲೋ. ಇದು ಎಲ್ಲೆಡೆ ಒಪ್ಪುವ ಪ್ರಮಾಣ. ಗುಂಪು ದೊಡ್ಡದಾದರೆ, ಅಥವಾ ಹಲವು ದಿನ ತಂಗುವುದಾದರೆ ಒಂದು ಕಿಲೋ. ಒಂದಕ್ಕಿಂತ ಹೆಚ್ಚು ಹಳ್ಳಿಗೆ ಹೋಗುವವರು ಪ್ರತಿ ಊರಿಗೂ ಬೇರೆ ಕಟ್ಟು ಒಯ್ಯಬೇಕು. ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುವವರಿಗೂ ಇದೇ ಮಾತು, ಏಕೆಂದರೆ ಊರ ಮುಂದಿನ ಹವಳದ ದಿಬ್ಬದಲ್ಲಿ ಮೀನು ಹಿಡಿಯುವ ಹಕ್ಕು ಆ ಊರಿನವರದೇ. ಲಂಗರು ಹಾಕಿ ಈಜಿ ಆಮೇಲೆ ಕಟ್ಟು ತರುವುದು ತಲೆಕೆಳಗಾದ ಕ್ರಮ. ಸಾವಿನ ಮನೆಗೆ, ಮದುವೆಗೆ ಲೆಕ್ಕವೇ ಬೇರೆ. ಅಲ್ಲಿ ಕಿಲೋಗಟ್ಟಲೆ, ಕೆಲವೊಮ್ಮೆ ಬೇರುಸಮೇತ ಇಡೀ ಗಿಡವನ್ನೇ ಹೊತ್ತು ತರುತ್ತಾರೆ. ಅದು ನೆಂಟರಿಷ್ಟರು ಕೂಡಿ ಮಾಡುವ ಕೆಲಸ, ಪ್ರವಾಸಿ ತಲೆ ಹಾಕಬೇಕಿಲ್ಲ.

ಬೆಲೆ ಸ್ಥಿರವಲ್ಲ. 2016ರ ಫೆಬ್ರುವರಿಯಲ್ಲಿ ವಿನ್‌ಸ್ಟನ್ ಚಂಡಮಾರುತ ತೋಟಗಳನ್ನು ನೆಲಸಮ ಮಾಡಿತು. ನೆಟ್ಟದ್ದು ಕೈಗೆ ಬರಲು ವರ್ಷಗಳು ಬೇಕಾದ ಬೆಳೆಯಾದ್ದರಿಂದ ಅದರ ಏಟು ಒಂದು ಹಂಗಾಮಿಗೆ ಮುಗಿಯಲಿಲ್ಲ, ವಾಕಾ ಕಿಲೋಗೆ ನೂರು ಫಿಜಿ ಡಾಲರ್ ದಾಟಿದ್ದೂ ಉಂಟು. ಮೇಲಿಂದ ಆಸ್ಟ್ರೇಲಿಯಾ 2021ರ ಡಿಸೆಂಬರಿನಿಂದ ವಾಣಿಜ್ಯ ಆಮದಿಗೂ ಅವಕಾಶ ಕೊಟ್ಟಿತು. ಹಾಗಾಗಿ ಎರಡು ಮೂರು ಅಂಗಡಿಗಳಲ್ಲಿ ಅಂದಿನ ದರ ಕೇಳಿ, ಅರ್ಧ ಕಿಲೋಗೆ ಎಷ್ಟೆಂದು ನಿಖರವಾಗಿ ಹೇಳಿಸಿಕೊಳ್ಳಿ. ಊರ ಹಿರಿಯರ ಮುಂದಿಡುವುದಕ್ಕೆ ಕೊನೆಯ ಡಾಲರಿನವರೆಗೆ ಎಳೆದಾಡುವುದು ಅಷ್ಟು ಚಂದವೂ ಅಲ್ಲ.

ಪುಡಿ ಪೊಟ್ಟಣಗಳದ್ದು ಬೇರೆ ಕಥೆ. ಇದೇ ಮಹಡಿಯಲ್ಲಿ ಬೇರನ್ನು ಕಬ್ಬಿಣದ ಒರಳಲ್ಲಿ ಕುಟ್ಟಿದ ಪುಡಿಯೂ ಸಿಗುತ್ತದೆ, ಯಂತ್ರದಲ್ಲಿ ಬೀಸಿದ್ದೂ ಸಿಗುತ್ತದೆ. ಸೂಪರ್‌ಮಾರ್ಕೆಟ್ಟಿನಲ್ಲೂ ವಿಮಾನ ನಿಲ್ದಾಣದಲ್ಲೂ ಹೊಳೆಯುವ ಚೀಲದಲ್ಲಿ ಮುದ್ರೆ ಹಾಕಿದ್ದು ಇರುತ್ತದೆ. ಮನೆಗೆ ಒಯ್ದು ಕುಡಿಯಲು ಅದು ಅನುಕೂಲ, ಅಡ್ಡಿಯಿಲ್ಲ. ಸೆವುಸೆವುಗೆ ಬೇಡ. ಪುಡಿಯಾದ ಮೇಲೆ ಅದು ವಾಕಾವೋ ಲೆವೆನಾವೋ ಕಾಸಾವೋ, ಸಿಪ್ಪೆಯೋ ಎಂದು ಹೇಳುವವರಾರು? ಯಾರೂ ತಿರಸ್ಕರಿಸುವುದಿಲ್ಲ, ಮುಖದ ಮೇಲೆ ಹೇಳುವುದೂ ಇಲ್ಲ. ಆದರೆ ಮದುವೆ ಕರೆಯಲು ಬಂದವರು ಹೂವೀಳ್ಯದ ಬದಲು ಪಾನ್‌ಮಸಾಲಾ ಚೀಟಿ ಹರಿದುಕೊಟ್ಟರೆ ನಮ್ಮಜ್ಜಂದಿರಿಗೆ ಹೇಗನ್ನಿಸುತ್ತದೋ ಹಾಗೆ.

ಮೂರನೆಯ ದಾರಿ, ಪ್ರವಾಸ ಸಂಸ್ಥೆಗಳ ‘ಹಳ್ಳಿ ಭೇಟಿ’ ಪ್ಯಾಕೇಜು. ಕಟ್ಟು ಅವರದೇ, ಮಾತು ಅವರದೇ, ಮಧ್ಯಾಹ್ನದ ಊಟ, ಕುಣಿತ, ವಾಪಸು. ಸಮಯವಿಲ್ಲದವರಿಗೆ ಕೆಟ್ಟದ್ದೇನಲ್ಲ. ಹಳ್ಳಿಗೂ ಒಂದಿಷ್ಟು ಆದಾಯ. ಆದರೆ ದಿನಕ್ಕೆರಡು ತಂಡಕ್ಕೆ ನಡೆಯುವ ಸೆವುಸೆವುವಿನಲ್ಲಿ ನೀವು ಅತಿಥಿಯಲ್ಲ, ಪ್ರೇಕ್ಷಕ. ಕೊಳ್ಳುವ ಮೊದಲು ಎರಡು ಪ್ರಶ್ನೆ ಕೇಳಿ: ಕಟ್ಟನ್ನು ಒಪ್ಪಿಸುವುದು ಊರಿನ ಹಿರಿಯರಿಗೋ ಅಥವಾ ಪ್ರದರ್ಶನಕ್ಕೆ ಕೂರಿಸಿದವರಿಗೋ? ಟಿಕೆಟ್ ಹಣದಲ್ಲಿ ಊರ ನಿಧಿಗೆ ಎಷ್ಟು ಹೋಗುತ್ತದೆ? ಉತ್ತರ ತಡವರಿಸಿದರೆ ಮಾರುಕಟ್ಟೆಯ ಮೆಟ್ಟಿಲು ಹತ್ತುವುದೇ ವಾಸಿ.

ಇಷ್ಟೆಲ್ಲ ಆರಿಸಿ ತಂದ ಕಟ್ಟಿನ ಕೆಲಸ ಕೆಡುವುದು ಒಪ್ಪಿಸುವಾಗ. ಹಳ್ಳಿಗೆ ಹೋದಕೂಡಲೇ ತುರಂಗಾ ನಿ ಕೊರೊ ಎಲ್ಲಿದ್ದಾರೆಂದು ಕೇಳಬೇಕು. ಇವರು ಊರಿನ ಆಡಳಿತ ನೋಡಿಕೊಳ್ಳುವ ಮುಖ್ಯಸ್ಥರು, ವಂಶದಿಂದ ಬಂದ ನಾಯಕರಲ್ಲ. ಯಾರ ಮನೆಗೆ, ಯಾವ ಹೊತ್ತಿಗೆ ಎಂದು ಹೇಳುವವರು ಇವರೇ. ವಂಶದ ನಾಯಕರಾದ ತುರಂಗಾ ಬೇರೆ. ಅವರ ಪರವಾಗಿ ಮಾತಾಡುವವರು ಮಾತಾನಿವನುವಾ, ಅಕ್ಷರಶಃ ‘ನೆಲದ ಮುಖ’. ವನುವಾ ಎಂಬ ಒಂದು ಪದದಲ್ಲಿ ನೆಲ, ಜನ, ನಡವಳಿಕೆ ಮೂರೂ ಸೇರಿವೆ, ಇದನ್ನು ಕನ್ನಡದ ಒಂದು ಪದಕ್ಕೆ ಇಳಿಸುವುದು ಕಷ್ಟ. ‘ನಾಡು’ ಹತ್ತಿರ ಬರುತ್ತದೆ. ಇಂಥ ವಂಶದ ನಾಯಕರ ದೇಶಮಟ್ಟದ ಮಹಾಮಂಡಳಿಯನ್ನು ಸರ್ಕಾರ 2012ರಲ್ಲಿ ರದ್ದು ಮಾಡಿ 2023ರಲ್ಲಿ ಮತ್ತೆ ಕೂಡಿಸಿತು. ಆ ಹನ್ನೊಂದು ವರ್ಷವೂ ಹಳ್ಳಿಯ ಚಾಪೆಯ ಮೇಲಿನ ಕ್ರಮ ಹಾಗೇ ನಡೆದಿತ್ತು.

ಊರ ಗಡಿಯಲ್ಲೇ ಟೋಪಿ, ತಂಪುಕನ್ನಡಕ ತೆಗೆಯಿರಿ, ತಲೆಯ ಮೇಲೆ ಏರಿಸಿಕೊಂಡರೂ ಸಲ್ಲದು. ಬೆನ್ನಿನ ಚೀಲ ಹೆಗಲಿಂದ ಇಳಿದು ಕೈಗೆ ಬರಬೇಕು. ಗಂಡಸರು ಹೆಂಗಸರು ಇಬ್ಬರಿಗೂ ಮೊಣಕಾಲು ಮುಚ್ಚುವ ಸುಲು. ನಮ್ಮ ಪಂಚೆ-ಲುಂಗಿಯ ಹಾಗೆ ಸುತ್ತಿಕೊಳ್ಳುವ ಬಟ್ಟೆ, ಇದೇ ಮಾರುಕಟ್ಟೆಯ ಆಸುಪಾಸಿನಲ್ಲಿ ಸಿಗುತ್ತದೆ. ಹೆಂಗಸರ ಭುಜವೂ ಮುಚ್ಚಿರಬೇಕು. ಚಪ್ಪಲಿ ಹೊರಗೆ. ಒಳಗೆ ಹೋದಮೇಲೆ ಮೇಲ್ಗಡೆ ಹಿರಿಯರದು, ಬಾಗಿಲ ಕಡೆಯ ಕೆಳತುದಿ ನಿಮ್ಮದು. ಯಾರಾದರೂ ಕರೆದು ಮುಂದೆ ಕೂರಿಸಿದರಷ್ಟೇ ಮುಂದೆ. ಕಾಲು ಚಾಚಿ ಅಂಗಾಲು ತೋರಿಸುವುದು ಅಲ್ಲೂ ತಪ್ಪೇ, ನಮಗೆ ಹೇಳಿಕೊಡಬೇಕಿಲ್ಲ. ಹೇಳಿಕೊಡಬೇಕಾದದ್ದು ಇನ್ನೊಂದಿದೆ: ಕೂತವರ ಮುಂದೆ ಹಾಯುವಾಗ ಸೊಂಟ ಬಗ್ಗಿಸಿ ‘ತಿಲೋ’ (ಕ್ಷಮಿಸಿ) ಎನ್ನಬೇಕು. ಅವರ ತಲೆಯ ಮೇಲಿನ ಗೂಡಿನಿಂದ ಏನಾದರೂ ತೆಗೆಯುವಾಗಲೂ ಅದೇ ಮಾತು. ತಲೆ ಮುಟ್ಟುವಂತಿಲ್ಲ, ಮುದ್ದು ಬಂದ ಮಗುವಿನದಾದರೂ ಸರಿ.

ಕಟ್ಟನ್ನು ಹಿರಿಯರ ಕೈಗೆ ಕೊಡಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ, ಏಕೆಂದರೆ ಎರಡೂ ಕೈ ಚಾಚಿ ಕೈಗೇ ಕೊಡುವುದು ನಮ್ಮ ಮರ್ಯಾದೆ. ಅಲ್ಲಿ ಅದನ್ನು ಎದುರಿನ ಚಾಪೆಯ ಮೇಲಿಟ್ಟು ಹಿಂದೆ ಸರಿಯಬೇಕು. ನಿಮ್ಮ ಪರವಾಗಿ ಯಾರಾದರೂ ಸ್ಥಳೀಯರು, ಕರೆದ ಮನೆಯವರೋ ಚಾಲಕನೋ, ಎಲ್ಲಿಂದ ಬಂದವರು, ಏಕೆ ಬಂದರು ಎಂದು ಹೇಳುತ್ತಾರೆ. ನೀವೇ ಫಿಜಿ ಭಾಷೆಯ ನಾಲ್ಕು ಸಾಲು ಬಾಯಿಪಾಠ ಮಾಡುವ ಅಗತ್ಯವಿಲ್ಲ. ಆ ಔಪಚಾರಿಕ ಮಾತಿಗೆ ಅದರದೇ ಏರಿಳಿತವಿದೆ, ಅರೆಬರೆ ಒಪ್ಪಿಸುವುದಕ್ಕಿಂತ ಸುಮ್ಮನೆ ಕೂರುವುದು ಮೇಲು. ಹಿರಿಯರು ಕಟ್ಟನ್ನು ಮುಟ್ಟಿ ಎತ್ತಿಕೊಂಡು ಮರುಮಾತು ಆಡಿದರೆ ಒಪ್ಪಿಗೆಯಾಯಿತು. ಅಂಗೈಗಳನ್ನು ಬಟ್ಟಲಾಗಿಸಿ ತಟ್ಟುವ ಆ ದಪ್ಪ ಸದ್ದಿಗೆ ದೋಂಬೊ ಎಂದು ಹೆಸರು. ಎಲ್ಲರೂ ತಟ್ಟಿದಾಗ ನೀವೂ ತಟ್ಟಿ, ನಮ್ಮ ಭಜನೆಯ ಚಪ್ಪಾಳೆಯಂತೆ ಚಟಪಟ ಸದ್ದು ಬೇಡ. ಫೋಟೋ ಇಷ್ಟೆಲ್ಲ ಮುಗಿದು, ಕೇಳಿದ ಮೇಲೆ.

ನಂತರ ಬೆರೆಸುವುದು. ವೆಸಿ ಮರದಿಂದ ಕೊರೆದ ತನೋವಾ ಬಟ್ಟಲಿಗೆ ತೆಂಗಿನ ನಾರಿನ ಹುರಿ ಕಟ್ಟಿರುತ್ತದೆ. ವಿಧಿಪೂರ್ವಕ ಕೂಟದಲ್ಲಿ ಅದನ್ನು ಹಿರಿಯರ ಕಡೆಗೆ ಚಾಚಿರುತ್ತಾರೆ, ಅದನ್ನು ದಾಟಬಾರದು. ಕುಟ್ಟಿದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ತಣ್ಣೀರಿನಲ್ಲಿ ಕಿವುಚುತ್ತಾರೆ. ಮನೆಯಲ್ಲಿ ಮಾಡುವವರಿಗೆ ಅಂದಾಜು: 50 ಗ್ರಾಂ ಪುಡಿ, ಒಂದೂವರೆ ಲೀಟರ್ ನೀರು, ಹತ್ತು ನಿಮಿಷ ಕಿವುಚಾಟ. ಬಿಸಿನೀರು ಹಾಕಿದರೆ ಕೆಲಸ ಕೆಟ್ಟಿತು. ಒಣಬೇರಿನಲ್ಲಿ ಪಿಷ್ಟ ಬಹಳ, ಬಿಸಿಗೆ ಗಂಜಿಯಾಗಿ ಬಟ್ಟೆಯ ಕಣ್ಣು ಮುಚ್ಚುತ್ತದೆ. ಕಾವಾಲ್ಯಾಕ್ಟೋನ್‌ಗಳು ನೀರಿನಲ್ಲಿ ಕರಗುವಂಥವಲ್ಲ, ಕಿವುಚಿದ ಬಲಕ್ಕೆ ನೀರಿನೊಳಗೆ ತೇಲುವಂಥವು. ಆದ್ದರಿಂದ ಚಹಾದಂತೆ ನೆನೆಸಿಟ್ಟರೆ ಸಪ್ಪೆ ನೀರೇ ಗತಿ. ರುಚಿಯ ಬಗ್ಗೆ ಸುಳ್ಳು ಹೇಳಬೇಕಿಲ್ಲ: ಕೆಸರು ಕದಡಿದ ನೀರು, ಹಿಂದೆ ಸಣ್ಣ ಕಹಿ, ಆಮೇಲೆ ತುಟಿ ಜೋಮು.

ಮೊದಲ ಚಿಪ್ಪು ಹಿರಿಯರಿಗೆ, ಆಮೇಲೆ ಕ್ರಮವಾಗಿ. ನಿಮ್ಮ ಸರದಿ ಬಂದಾಗ ಒಮ್ಮೆ ದೋಂಬೊ, ‘ಬುಲಾ’ ಎಂಬ ನಮಸ್ಕಾರ, ತೆಂಗಿನ ಚಿಪ್ಪಿನ ಬಿಲೊವನ್ನು ಒಂದೇ ಗುಟುಕಿಗೆ ಖಾಲಿ ಮಾಡಿ, ಮರಳಿಸಿ, ಮೂರು ದೋಂಬೊ. ಸುತ್ತಲಿನವರು ‘ಮದಾ’ (ಬರಿದಾಯಿತು) ಎನ್ನುತ್ತಾರೆ. ಊರಿಂದ ಊರಿಗೆ ಚಪ್ಪಾಳೆಯ ಲೆಕ್ಕ ಕೊಂಚ ಆಚೀಚೆ. ಪಕ್ಕದವರನ್ನು ನೋಡಿ ಮಾಡಿ. ಕಡಿಮೆ ಬೇಕೆಂದರೆ ‘ಲೋ ಟೈಡ್’ ಎಂದು ಕೇಳಬಹುದು, ಅರ್ಧ ಚಿಪ್ಪು ಬರುತ್ತದೆ. ಗುಟುಕರಿಸುತ್ತ ಕೂರುವುದು ಮಾತ್ರ ಬೇಡ. ಬಸುರಿಯರು, ಮೊಲೆಯೂಡಿಸುವವರು, ಪಿತ್ತಜನಕಾಂಗದ ತೊಂದರೆಯವರು, ಮದ್ಯ ಕುಡಿದವರು ಬಾಯಿಗೆ ಹಾಕಬಾರದು, ಕುಡಿದಮೇಲೆ ಗಾಡಿ ಓಡಿಸಬಾರದು. ಕಾರಣ ಹೇಳಿ ವಿನಯವಾಗಿ ನಿರಾಕರಿಸಿದರೆ ಯಾರೂ ಬೇಸರಿಸುವುದಿಲ್ಲ, ಕಟ್ಟು ಒಪ್ಪಿಸಿದ್ದೇ ಮುಖ್ಯ.

ಸುವಾದಲ್ಲಿ ಗಿರವಿ ಅಂಗಡಿಗಳ ಗಾಜಿನ ಹಿಂದೆ ನೇತಾಡುವ ತಂಬುವಾ, ಅಂದರೆ ಹುರಿ ಕಟ್ಟಿದ ತಿಮಿಂಗಿಲದ ಹಲ್ಲು, ಕಣ್ಣಿಗೆ ಬೀಳಬಹುದು. ಫಿಜಿಯ ಕಾಣಿಕೆಗಳಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಹೆಣ್ಣು ಕೇಳಲು, ಕ್ಷಮೆ ಬೇಡಲು, ಸಾವಿಗೆ ಅದೇ ಬೇಕು. ಪ್ರವಾಸಿಯಿಂದ ಅದನ್ನು ಯಾರೂ ನಿರೀಕ್ಷಿಸುವುದಿಲ್ಲ. ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಕಾನೂನಿನ ಕೆಳಗೆ ಪರವಾನಗಿಯಿಲ್ಲದೆ ದೇಶದ ಆಚೆ ಒಯ್ಯುವಂತೆಯೂ ಇಲ್ಲ. ಏನಾದರೂ ಹೆಚ್ಚಿಗೆ ಕೊಡಬೇಕೆನ್ನಿಸಿದರೆ ಮನೆಯವರಿಗೆ ಅಕ್ಕಿ, ಸಕ್ಕರೆ, ಚಹಾಪುಡಿ ಒಯ್ಯಿರಿ.

ಆಸ್ಟ್ರೇಲಿಯಾಕ್ಕೆ ಮರಳುವ 18 ದಾಟಿದವರು ತಲಾ 4 ಕಿಲೋವರೆಗೆ ಬೇರನ್ನೋ ಪುಡಿಯನ್ನೋ ಜೊತೆಗೆ ಒಯ್ಯಬಹುದು, ಆದರೆ ಇಳಿದಾಗ ಘೋಷಿಸಲೇಬೇಕು. ಅಲ್ಲಿಗೆ ಪುಡಿಯೇ ಸಲೀಸು.

ಮಹಡಿ ಇಳಿಯುವ ಮುನ್ನ ಇನ್ನೊಂದು ಸಣ್ಣ ಕಟ್ಟು ಕಟ್ಟಿಸಿಕೊಳ್ಳಿ, ಕಾಲು ಕಿಲೋ ಸಾಕು. ಹಳ್ಳಿಯಿಂದ ಹೊರಡುವಾಗಲೂ ಅದೇ ಚಾಪೆಯ ಮೇಲೆ ಕೂತು ಹೋಗಿಬರಲು ಅಪ್ಪಣೆ ಕೇಳುವ ಕ್ರಮವಿದೆ, ಅದಕ್ಕೆ ಇತತೌ ಎನ್ನುತ್ತಾರೆ. ಆ ಹೊತ್ತಿಗೆ ಊರಿನ ಅಂಗಡಿಯಲ್ಲಿ ಹುಡುಕಿದರೆ ಸಾಮಾನ್ಯವಾಗಿ ಸಿಗುವುದು ಪುಡಿ ಪೊಟ್ಟಣ.